ಬೆರಳಿನ ಕರೆಗೆ ಪುಟದ ಓಗೊಡುವಿಕೆ

ಮೈಸೂರು ಬಹುಕಾಲದಿಂದಲೂ ಗ್ರಂಥಗಳನ್ನು ಕೂಡಿಟ್ಟು, ಶೋಧಿಸಿ, ಲೋಕಕ್ಕೆ ಕೊಡುತ್ತ ಬಂದಿರುವ ನಗರ. ೧೮೯೧ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ಓಲೆಗರಿಯ ಕಟ್ಟುಗಳು ಒಂದೊಂದಾಗಿ ಬಂದು ಸೇರಿದುವು, ೧೯೦೫ರಲ್ಲಿ ಆರ್. ಶಾಮಾಶಾಸ್ತ್ರಿಗಳು ಅಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಅದನ್ನು ಮುದ್ರಣಕ್ಕೆ ತಂದರು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವು ಹುಟ್ಟಿತು. ೧೯೬೯ರಲ್ಲಿ ಅದರ ಕನ್ನಡ ವಿಶ್ವಕೋಶದ ಪ್ರಥಮ ಸಂಪುಟವು ಹೊರಬಂದಿತು. ಅದೇ ವರ್ಷದ ಜುಲೈ ೧೭ರಂದು ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಇಲ್ಲಿಯೇ ಆರಂಭವಾಯಿತು. ಮುಂದೆ ೧೪ ಸಂಪುಟಗಳಾಗಿ ಬೆಳೆದ ಆ ವಿಶ್ವಕೋಶದ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಮುಕ್ತ ಪರವಾನಗಿಯ ಮೇಲೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ೨೦೧೬ರಲ್ಲಿ ಭಾಷಾ ಸಂಸ್ಥೆಯು ಹಲವು ಭಾಷೆಗಳ ನಿಘಂಟುಗಳನ್ನೂ ಕೋಶಗಳನ್ನೂ ಒಂದೆಡೆ ಸೇರಿಸಿದ ಭಾರತವಾಣಿಯನ್ನು ಅಂತರ್ಜಾಲದಲ್ಲಿ ತೆರೆಯಿತು. ಹೀಗೆ ಒಂದೇ ಊರಿನೊಳಗೆ, ಒಂದೂಕಾಲು ಶತಮಾನದ ಅವಧಿಯಲ್ಲಿ, ವಿದ್ಯೆಯು ಓಲೆಯಿಂದ ಅಚ್ಚಿಗೂ ಅಚ್ಚಿನಿಂದ ಜಾಲಪುಟಕ್ಕೂ ಸಾಗಿಬಂದುದನ್ನು ನಾವು ಕಾಣುತ್ತೇವೆ.

ಆದರೆ ಓಲೆಗೂ ಅಚ್ಚಿನ ಹಾಳೆಗೂ ಇಲ್ಲದ ಒಂದು ಗುಣ ಜಾಲಪುಟಕ್ಕೆ ಉಂಟು. ಓದುಗನು ಮುಟ್ಟಿದರೆ ಅದು ಮಾರುತ್ತರ ಕೊಡುತ್ತದೆ. ಪದವೊಂದನ್ನು ಒತ್ತಿದರೆ ಅರ್ಥವು ತೆರೆದುಕೊಳ್ಳುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಎರಡಕ್ಷರ ಮೂಡಿದೊಡನೆ ಹತ್ತು ಪದಗಳು ಕೆಳಗೆ ಸಾಲುಗಟ್ಟಿ ನಿಲ್ಲುತ್ತವೆ. ಈ ಮಾರುತ್ತರವನ್ನು ಸಾಧ್ಯಮಾಡುವುದು ಪುಟದೊಳಗೆ ಅಡಗಿರುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಪುಟ್ಟ ಕ್ರಮವಿಧಿ, ಎಂದರೆ ಸ್ಕ್ರಿಪ್ಟು. ಬೆರಳಿನ ಒತ್ತು, ಕೀಲಿಯ ಬಡಿತ, ಪುಟದ ಸರಿದಾಟ ಇವೆಲ್ಲವೂ ಅದರ ಪಾಲಿಗೆ ಒಂದೊಂದು ಈವೆಂಟು. ಅವುಗಳಲ್ಲಿ ಯಾವುದಕ್ಕೆ ಓಗೊಡಬೇಕು, ಎಷ್ಟು ಬೇಗ ಓಗೊಡಬೇಕು, ಯಾವುದನ್ನು ಸುಮ್ಮನೆ ಹಾದುಹೋಗಗೊಡಬೇಕು ಎಂಬ ವಿವೇಕವನ್ನು ಈ ಕಸುಬಿನವರು ಮೂವತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಸಂಪಾದಿಸಿಕೊಂಡರು. ಆ ಸಂಪಾದನೆಯ ಚರಿತ್ರೆಯು ಕನ್ನಡದ ಓದುಬರಹವನ್ನು ನೇರವಾಗಿ ಮುಟ್ಟುವಂಥದಾದುದರಿಂದ, ಅದನ್ನು ಯಂತ್ರಜ್ಞರ ಕೋಣೆಯಲ್ಲಿಯೇ ಬಿಡದೆ ಸಾಮಾನ್ಯ ವಾಚಕರ ಮುಂದೆ ಇಡುವುದು ಯುಕ್ತವೆಂದು ನನ್ನ ಭಾವನೆ.

ಸ್ವಿಟ್ಸರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಯೋಜಿಸಿದ ಜಾಲವು ಮೊದಲು ಕೇವಲ ಓದುವುದಕ್ಕಾಗಿ ಏರ್ಪಟ್ಟಿದ್ದಿತು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಬಹುದಾಗಿದ್ದಿತೇ ಹೊರತು, ಪುಟವು ತಾನಾಗಿ ಏನನ್ನೂ ಮಾಡಲಾರದಾಗಿದ್ದಿತು. ೧೯೯೫ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಒಂದು ಹೊಸ ಭಾಷೆಯ ಮೊದಲ ರೂಪವನ್ನು ರಚಿಸಿದನು. ಮೋಕಾ ಎಂದೂ ಬಳಿಕ ಲೈವ್‌ಸ್ಕ್ರಿಪ್ಟ್ ಎಂದೂ ಕರೆಯಿಸಿಕೊಂಡು, ಅದೇ ವರ್ಷದ ಡಿಸೆಂಬರಿನಲ್ಲಿ ಅದು ಜಾವಾಸ್ಕ್ರಿಪ್ಟ್ ಎಂಬ ಹೆಸರನ್ನು ಪಡೆಯಿತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ಒದಗಿಸಿದುದೂ ಅದೇ ೧೯೯೫ರ ಆಗಸ್ಟ್ ೧೫ರಂದು. ದೂರವಾಣಿಯ ತಂತಿಯ ಮೇಲೆ ಪುಟಗಳು ಮೆಲ್ಲನೆ ಬರುತ್ತಿದ್ದ ಆ ಕಾಲದಲ್ಲಿ, ತುಂಬಿದ ಅರ್ಜಿಯಲ್ಲಿ ಒಂದು ಅಂಕಣವು ಖಾಲಿಯಿದೆಯೆಂಬ ಅಲ್ಪ ಸಂಗತಿಯನ್ನು ತಿಳಿಯುವುದಕ್ಕೂ ದೂರದ ಸರ್ವರಿನವರೆಗೆ ಹೋಗಿಬರಬೇಕಾಗಿದ್ದಿತು. ಆ ಯಾತ್ರೆಯನ್ನು ತಪ್ಪಿಸಿ, ಓದುಗನ ಯಂತ್ರದಲ್ಲಿಯೇ ಕೂಡಲೆ ಉತ್ತರ ಕೊಡಿಸುವುದೇ ಹೊಸ ಭಾಷೆಯ ಪ್ರಥಮ ಪ್ರಯೋಜನವಾಯಿತು.

ಈವೆಂಟುಗಳು ಯಾವ ದಾರಿಯಲ್ಲಿ ಸಂಚರಿಸಬೇಕೆಂಬ ಪ್ರಶ್ನೆಯು ಎರಡೇ ವರ್ಷಗಳಲ್ಲಿ ದೊಡ್ಡ ವಿವಾದವಾಯಿತು. ಜಾಲಪುಟವೆಂಬುದು ಒಂದರೊಳಗೊಂದು ಅಡಕವಾದ ಭಾಗಗಳ ಸಮೂಹ. ಪುಟದೊಳಗೆ ಪಟ್ಟಿ, ಪಟ್ಟಿಯೊಳಗೆ ಸಾಲು, ಸಾಲಿನೊಳಗೆ ಗುಂಡಿ. ಗುಂಡಿಯನ್ನು ಒತ್ತಿದಾಗ ಆ ಸುದ್ದಿಯು ಮೊದಲು ಯಾರಿಗೆ ಮುಟ್ಟತಕ್ಕದ್ದು? ೧೯೯೭ರಲ್ಲಿ ಹೊರಬಂದ ನೆಟ್‌ಸ್ಕೇಪಿನ ಬ್ರೌಸರಿನ ನಾಲ್ಕನೆಯ ಆವೃತ್ತಿಯು ಸುದ್ದಿಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿತು; ಅದೇ ವರ್ಷದ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ೪ ಕೆಳಗಿನಿಂದ ಮೇಲಕ್ಕೆ, ನೀರಿನ ಗುಳ್ಳೆಯಂತೆ, ಏರಿಸಿತು. ಜಾಲದ ಮಾನಕಗಳನ್ನು ನಿರ್ಣಯಿಸುವ ಡಬ್ಲ್ಯೂ೩ಸಿ ಮಂಡಲಿಯು ೨೦೦೦ದ ನವೆಂಬರಿನಲ್ಲಿ ಎರಡು ಪಕ್ಷಗಳನ್ನೂ ಸಮನ್ವಯಗೊಳಿಸಿತು: ಸುದ್ದಿಯು ಮೊದಲು ಇಳಿಯತಕ್ಕದ್ದು, ಗುರಿಯನ್ನು ಮುಟ್ಟತಕ್ಕದ್ದು, ಬಳಿಕ ಪುನಃ ಏರತಕ್ಕದ್ದು, ಪುಟವನ್ನು ರಚಿಸುವವನು ತನಗೆ ಉಚಿತವಾದ ಹಂತದಲ್ಲಿ ಕಿವಿಗೊಡಬಹುದು. ಈ ನಿರ್ಣಯವನ್ನು ಎಕ್ಸ್‌ಪ್ಲೋರರ್ ಒಪ್ಪಿಕೊಂಡುದು ೨೦೧೧ರ ಒಂಬತ್ತನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಂದು ದಶಕಕ್ಕೂ ಮಿಕ್ಕು ಕಾಲ, ಒಂದೇ ಕಾರ್ಯವನ್ನು ಎರಡು ರೀತಿಯಲ್ಲಿ ಬರೆಯುವ ಶ್ರಮವು ಈ ಕಸುಬಿನವರಿಗೆ ತಪ್ಪಲಿಲ್ಲ.

ಈ ಏರಿಕೆಯ ಕ್ರಮದಿಂದಲೇ ಒಂದು ಮಹತ್ತ್ವದ ಮಿತವ್ಯಯವು ಸಾಧ್ಯವಾಯಿತು. ಅದನ್ನು ಗ್ರಹಿಸಲು ಮೈಸೂರಿನವರಿಗೆ ತಮ್ಮ ಊರಿನ ಇತಿಹಾಸವೇ ಸಾಕು. ೧೮೮೧ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ, ಸಂಸ್ಥಾನದ ಪ್ರತಿಯೊಂದು ಗ್ರಾಮದಲ್ಲಿಯೂ ಅಹವಾಲು ಕೇಳುವ ಒಬ್ಬೊಬ್ಬ ಅಧಿಕಾರಿಯನ್ನು ಕೂರಿಸಲಿಲ್ಲ. ತಾಲ್ಲೂಕುಗಳಿಂದ ಬಂದ ೧೪೪ ಮಂದಿ ಪ್ರತಿನಿಧಿಗಳು ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಕೂಡಿ, ತಮ್ಮ ತಮ್ಮ ಕಡೆಯ ರೈತರ ಮತ್ತು ವರ್ತಕರ ಕಷ್ಟಗಳನ್ನು ಅರಿಕೆಮಾಡಿದರು. ಕೆಳಗಿನಿಂದ ಮೇಲೆ ಬಂದ ಅಹವಾಲು ಯಾವ ಸೀಮೆಯದೆಂಬುದನ್ನು ತಿಳಿದು, ಒಂದೆಡೆಯಲ್ಲಿ ಅದಕ್ಕೆ ಉತ್ತರ ದೊರೆಯುವಂತಾಯಿತು. ಜಾಲಪುಟದ ವಿಷಯದಲ್ಲಿಯೂ ಹೀಗೆಯೇ. ಸಾವಿರ ಪದಗಳ ಪಟ್ಟಿಯೊಂದಿದ್ದರೆ, ಒಂದೊಂದು ಪದಕ್ಕೂ ಒಂದೊಂದು ಹ್ಯಾಂಡ್ಲರನ್ನು, ಎಂದರೆ ಈವೆಂಟಿಗೆ ಓಗೊಡುವ ಸ್ಕ್ರಿಪ್ಟಿನ ತುಣುಕನ್ನು, ಲಗತ್ತಿಸುವ ಬದಲು, ಇಡೀ ಪಟ್ಟಿಗೆ ಒಂದೇ ಹ್ಯಾಂಡ್ಲರನ್ನು ಇಟ್ಟು, ಮೇಲೇರಿ ಬಂದ ಈವೆಂಟಿನ ಮೂಲವು ಯಾವ ಪದವೆಂಬುದನ್ನು ಅಲ್ಲಿ ವಿಚಾರಿಸಿದರೆ ಸಾಕು. ಸ್ಮರಣಕೋಶವು ಉಳಿಯುತ್ತದೆ, ಪುಟವು ಬೇಗ ಸಿದ್ಧವಾಗುತ್ತದೆ, ಪಟ್ಟಿಗೆ ಆಮೇಲೆ ಬಂದು ಸೇರಿದ ಪದಗಳಿಗೂ ಹೊಸ ಏರ್ಪಾಡಿಲ್ಲದೆ ಉತ್ತರ ಸಲ್ಲುತ್ತದೆ. ಇದನ್ನು ಕಸುಬಿನವರು ಈವೆಂಟ್ ಡೆಲಿಗೇಷನ್ ಎನ್ನುತ್ತಾರೆ.

ಈ ಮಿತವ್ಯಯದ ಆವಶ್ಯಕತೆಯು ಅನುಭವದಿಂದ ಮನದಟ್ಟಾದುದು ೨೦೦೧ರ ಅನಂತರದ ವರ್ಷಗಳಲ್ಲಿ. ಆಗ ಸರ್ವತ್ರ ಬಳಕೆಯಲ್ಲಿದ್ದ ಎಕ್ಸ್‌ಪ್ಲೋರರ್ ೬ರಲ್ಲಿ, ಪುಟದ ಭಾಗವೊಂದು ತನ್ನ ಹ್ಯಾಂಡ್ಲರನ್ನೂ, ಆ ಹ್ಯಾಂಡ್ಲರು ಪುನಃ ಅದೇ ಭಾಗವನ್ನೂ ಹಿಡಿದುಕೊಂಡಿದ್ದರೆ, ಪುಟವನ್ನು ಬಿಟ್ಟುಹೋದ ಮೇಲೂ ಅವೆರಡೂ ಸ್ಮರಣಕೋಶದಿಂದ ತೊಲಗುತ್ತಿರಲಿಲ್ಲ. ದಿನವಿಡೀ ತೆರೆದಿಟ್ಟ ಯಂತ್ರವು ಸಂಜೆಯ ಹೊತ್ತಿಗೆ ನಿತ್ರಾಣವಾಗುತ್ತಿದ್ದಿತು. ೨೦೦೪ರಲ್ಲಿ ಜಿಮೇಲ್ ಬಂದಿತು. ೨೦೦೫ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬಾತನು, ಪುಟವನ್ನು ಪೂರ್ತಿಯಾಗಿ ಮರಳಿ ತರಿಸದೆ ಬೇಕಾದಷ್ಟು ಅಂಶವನ್ನು ಮಾತ್ರ ತರಿಸಿಕೊಳ್ಳುವ ವಿಧಾನಕ್ಕೆ ಅಜಾಕ್ಸ್ ಎಂದು ನಾಮಕರಣ ಮಾಡಿದನು. ಅಲ್ಲಿಂದ ಮುಂದೆ ಓದುಗನು ಒಂದೇ ಪುಟದಲ್ಲಿ ಗಂಟೆಗಟ್ಟಲೆ ನೆಲೆಸುವಂತಾದುದರಿಂದ, ಹ್ಯಾಂಡ್ಲರುಗಳನ್ನು ಇಡುವುದರಷ್ಟೇ ಅವುಗಳನ್ನು ತೆಗೆಯುವುದೂ ಮುಖ್ಯವಾಯಿತು. ೨೦೦೬ರಲ್ಲಿ ಜಾನ್ ರೆಸಿಗ್ ಪ್ರಕಟಿಸಿದ ಜೆಕ್ವೆರಿ ಎಂಬ ಸಿದ್ಧ ಸ್ಕ್ರಿಪ್ಟುಗಳ ಸಂಗ್ರಹವು ಬ್ರೌಸರುಗಳ ಭಿನ್ನತೆಯನ್ನು ತನ್ನೊಳಗೆ ಅಡಗಿಸಿಕೊಂಡು ಅಸಂಖ್ಯ ಕಸುಬಿಗರ ಭಾರವನ್ನು ಹಗುರಮಾಡಿತು. ೨೦೦೮ರ ಸೆಪ್ಟೆಂಬರಿನಲ್ಲಿ ಗೂಗಲ್ ಕ್ರೋಮಿನ ಜೊತೆಗೆ ಬಂದ ವಿ೮ ಎಂಬ ಎಂಜಿನ್ನು ಜಾವಾಸ್ಕ್ರಿಪ್ಟನ್ನು ಯಂತ್ರಭಾಷೆಗೇ ಇಳಿಸಿ ನಡೆಸಿದುದರಿಂದ ಭಾಷೆಯ ವೇಗವು ಅಪಾರವಾಗಿ ಹೆಚ್ಚಿತು.

ಭಾಷೆಯ ವೇಗವು ಹೆಚ್ಚಿದರೂ ಅವಿವೇಕದ ಬೆಲೆಯು ತಗ್ಗಲಿಲ್ಲ. ಪುಟದ ಸ್ಕ್ರಿಪ್ಟಿಗೆ ಇರುವುದು ಒಂದೇ ದಾರಿ. ಅದರ ಮೇಲೆ ಒಂದು ಕಾರ್ಯವು ನಡೆಯುತ್ತಿರುವಾಗ ಉಳಿದ ಈವೆಂಟುಗಳು ಸರದಿಯಲ್ಲಿ ಕಾಯಲೇಬೇಕು, ಚಿತ್ರವನ್ನು ಬರೆಯುವ ಕೆಲಸವೂ ಕಾಯಬೇಕು. ತೆರೆಯು ಸಾಮಾನ್ಯವಾಗಿ ಸೆಕೆಂಡಿಗೆ ೬೦ ಬಾರಿ ಹೊಸದಾಗಿ ಮೂಡುವುದರಿಂದ, ಒಂದು ಮೂಡಿಕೆಗೂ ಇನ್ನೊಂದಕ್ಕೂ ನಡುವೆ ದೊರೆಯುವ ಅವಕಾಶ ಸುಮಾರು ೧೬.೭ ಮಿಲಿಸೆಕೆಂಡು ಮಾತ್ರ. ಪುಟವನ್ನು ಸರಿಸುವಾಗ ಹುಟ್ಟುವ ಸ್ಕ್ರಾಲ್ ಈವೆಂಟುಗಳು ಸೆಕೆಂಡಿಗೆ ಹತ್ತಾರು. ಒಂದೊಂದಕ್ಕೂ ದೀರ್ಘವಾದ ಲೆಕ್ಕವನ್ನು ಹಚ್ಚಿದರೆ ಪುಟವು ತೊಡರಿ ನಿಲ್ಲುತ್ತದೆ. ೨೦೧೧ರ ಆರಂಭದಲ್ಲಿ ಟ್ವಿಟ್ಟರಿನ ಪುಟಕ್ಕೆ ಒದಗಿದುದು ಇದೇ ಗತಿ. ಸ್ಕ್ರಾಲಿನ ಪ್ರತಿ ಈವೆಂಟಿಗೂ ಪುಟದೊಳಗಿನ ಭಾಗಗಳನ್ನು ಮತ್ತೆ ಮತ್ತೆ ಹುಡುಕುವಂತೆ ಬರೆದಿದ್ದುದರಿಂದ, ಜೆಕ್ವೆರಿಯ ಆವೃತ್ತಿಯನ್ನು ಬದಲಾಯಿಸಿದೊಡನೆ ಪುಟವು ಅತಿಶಯವಾಗಿ ಮಂದವಾಯಿತು. ಅದನ್ನು ಪರೀಕ್ಷಿಸಿದ ರೆಸಿಗ್, ಸರಿದಾಟವು ನಡೆಯಿತೆಂಬುದನ್ನಷ್ಟೇ ಗುರುತು ಹಾಕಿಕೊಂಡು, ೨೫೦ ಮಿಲಿಸೆಕೆಂಡಿಗೊಮ್ಮೆ ಮಾತ್ರ ನಿಜವಾದ ಕೆಲಸವನ್ನು ಮಾಡಬೇಕೆಂದೂ, ಒಮ್ಮೆ ಹುಡುಕಿ ತೆಗೆದುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದೂ ಎಲ್ಲರಿಗೂ ತಿಳಿಯುವಂತೆ ವಿವರಿಸಿದನು.

ಇಂಥ ಸಂಯಮದ ಉಪಾಯಗಳು ಆ ಕಾಲದಲ್ಲಿ ಒಂದೊಂದಾಗಿ ರೂಢಿಗೆ ಬಂದುವು. ಥ್ರಾಟ್ಲ್ ಎಂಬುದು ಈವೆಂಟುಗಳು ಎಷ್ಟೇ ಬಂದರೂ ನಿಯತವಾದ ಕಾಲಕ್ಕೊಮ್ಮೆ ಮಾತ್ರ ಉತ್ತರ ಕೊಡುವ ಕ್ರಮ. ಡಿಬೌನ್ಸ್ ಎಂಬುದು ಈವೆಂಟುಗಳ ಸುರಿಮಳೆ ನಿಲ್ಲುವವರೆಗೆ ಕಾದು, ಕೊನೆಗೆ ಒಂದೇ ಉತ್ತರ ಕೊಡುವ ಕ್ರಮ. ವಿದ್ಯುತ್ ಸ್ವಿಚ್ಚನ್ನು ಒತ್ತಿದಾಗ ಅದರ ಲೋಹದ ತುದಿಗಳು ಕ್ಷಣಕಾಲ ಕಂಪಿಸಿ ಹಲವು ಸುಳ್ಳು ಒತ್ತುಗಳನ್ನು ಹುಟ್ಟಿಸುವುದನ್ನು ತಡೆಯಲು ವಿದ್ಯುನ್ಮಾನದ ಇಂಜಿನಿಯರುಗಳು ಕಂಡುಕೊಂಡಿದ್ದ ವಿಧಾನವೇ ಇಲ್ಲಿ ಉಪಯೋಗಕ್ಕೆ ಬಂದಿತು. ೨೦೧೧ರ ಹೊತ್ತಿಗೆ ಕೆಲವು ಪ್ರಮುಖ ಬ್ರೌಸರುಗಳಲ್ಲಿ ಸೇರಿಕೊಂಡ ರಿಕ್ವೆಸ್ಟ್ ಆನಿಮೇಷನ್ ಫ್ರೇಮ್ ಎಂಬ ಸೌಲಭ್ಯದಿಂದ, ಚಲನೆಯ ಲೆಕ್ಕವನ್ನು ತೆರೆಯ ಮೂಡಿಕೆಯ ಕಾಲಕ್ಕೆ ಸರಿಯಾಗಿ ಹೊಂದಿಸುವುದು ಸಾಧ್ಯವಾಯಿತು. ಪುಟದ ಅಳತೆಗಳನ್ನು ಮೊದಲು ಒಟ್ಟಿಗೆ ಓದಿ, ಮಾರ್ಪಾಡುಗಳನ್ನು ಬಳಿಕ ಒಟ್ಟಿಗೆ ಬರೆಯಬೇಕೆಂಬ ನಿಯಮವೂ ನೆಲೆಗೊಂಡಿತು; ಒಂದನ್ನು ಬದಲಿಸಿ ಒಂದನ್ನು ಅಳೆಯುತ್ತ ಹೋದರೆ, ಪ್ರತಿ ಅಳತೆಗೂ ಬ್ರೌಸರು ಇಡೀ ಪುಟದ ವಿನ್ಯಾಸವನ್ನು ಪುನಃ ಲೆಕ್ಕಹಾಕಬೇಕಾಗುವುದು.

೨೦೦೭ರಲ್ಲಿ ಐಫೋನು ಬಂದಂದಿನಿಂದ ಬೆರಳು ಮೌಸಿನ ಸ್ಥಾನಕ್ಕೆ ಏರಿತು. ಓದುಗನು ಎರಡು ಬಾರಿ ತಟ್ಟಿ ಪುಟವನ್ನು ಹಿಗ್ಗಿಸಬಹುದಾದುದರಿಂದ, ಮೊದಲ ತಟ್ಟಿನ ಅನಂತರ ಎರಡನೆಯದು ಬರುವುದೋ ಎಂದು ಫೋನು ಸುಮಾರು ೩೦೦ ಮಿಲಿಸೆಕೆಂಡು ಕಾಯುತ್ತಿದ್ದಿತು. ಪ್ರತಿಯೊಂದು ಒತ್ತಿಗೂ ಈ ವಿಳಂಬವು ಅಂಟಿಕೊಂಡಿದ್ದಿತು. ಫೋನಿನ ಅಗಲಕ್ಕೆ ಹೊಂದುವಂತೆ ರಚಿತವಾದ ಪುಟಗಳಲ್ಲಿ ಕ್ರೋಮ್ ೨೦೧೪ರಲ್ಲಿ ಈ ಕಾಯುವಿಕೆಯನ್ನು ರದ್ದುಮಾಡಿತು. ೨೦೧೬ರಲ್ಲಿ ಬಂದ ಪ್ಯಾಸಿವ್ ಲಿಸನರ್ ಎಂಬ ಏರ್ಪಾಡು ಇನ್ನೊಂದು ತಡೆಯನ್ನು ನಿವಾರಿಸಿತು. ಹ್ಯಾಂಡ್ಲರು ಸರಿದಾಟವನ್ನು ತಡೆಯಬಹುದೇನೋ ಎಂಬ ಶಂಕೆಯಿಂದ ಬ್ರೌಸರು ಅದರ ಅಪ್ಪಣೆಗಾಗಿ ಕಾದು ನಿಲ್ಲುತ್ತಿದ್ದುದರಿಂದ, ತಾನು ತಡೆಯುವುದಿಲ್ಲವೆಂದು ಹ್ಯಾಂಡ್ಲರು ಮೊದಲೇ ವಾಗ್ದಾನ ಮಾಡಿದರೆ ಪುಟವು ನಿರಾತಂಕವಾಗಿ ಸರಿಯುವಂತಾಯಿತು. ಮನುಷ್ಯನು ಯಂತ್ರದ ಉತ್ತರವನ್ನು ತತ್‌ಕ್ಷಣದ್ದೆಂದು ಭಾವಿಸುವುದು ಅದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಬಂದಾಗ ಮಾತ್ರವೆಂದು ರಾಬರ್ಟ್ ಮಿಲ್ಲರ್ ೧೯೬೮ರಲ್ಲಿಯೇ ಬರೆದಿದ್ದನು. ೨೦೨೪ರ ಮಾರ್ಚಿನಿಂದ ಗೂಗಲ್ ಜಾಲಪುಟಗಳ ಗುಣವನ್ನು ಅಳೆಯಲು ಹಿಡಿದಿರುವ ಹೊಸ ಮಾನದಂಡವು, ಒತ್ತಿಗೂ ಅದರ ಫಲವು ತೆರೆಯ ಮೇಲೆ ಕಾಣುವುದಕ್ಕೂ ನಡುವಣ ಕಾಲವು ೨೦೦ ಮಿಲಿಸೆಕೆಂಡನ್ನು ಮೀರದಿದ್ದರೆ ಉತ್ತಮವೆಂದು ಎಣಿಸುತ್ತದೆ.

ಇಲ್ಲಿಯವರೆಗಿನ ವೃತ್ತಾಂತದಲ್ಲಿ ಕನ್ನಡದ ಪಾಲೇನು ಎಂದು ಕೇಳುವವರಿಗೆ, ಈ ಚರಿತ್ರೆಯ ಅತ್ಯಂತ ಸೂಕ್ಷ್ಮವಾದ ಅಧ್ಯಾಯವು ನಮ್ಮ ಲಿಪಿಯ ಸುತ್ತಲೇ ಬೆಳೆದಿದೆಯೆಂದು ಹೇಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ಕೀಲಿಗೆ ಒಂದಕ್ಷರ. ಕನ್ನಡದಲ್ಲಿ ಅಕ್ಷರವೆಂಬುದು ವ್ಯಂಜನ, ಒತ್ತು, ಸ್ವರಗಳು ಕೂಡಿ ಆಗುವ ಸಂಯೋಗ. ಲಿಪಿಗಳಿಗೆ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ಮಾನಕವು ತನ್ನ ೧೯೯೧ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತಾದರೂ, ಅದರ ಪ್ರಕಾರ ಸ್ತ್ರೀ ಎಂಬ ಒಂದಕ್ಷರವು ಆರು ಸಂಕೇತಗಳ ಸರಣಿ. ಜಾಲದಲ್ಲಿ ರೂಢವಾದ ಯುಟಿಎಫ್-೮ ಕ್ರಮದಲ್ಲಿ ಅದು ೧೮ ಬೈಟುಗಳು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿಯೂ ಅದನ್ನು ಮೂಡಿಸಲು ಆರು ಬಾರಿ ಬೆರಳೂರಬೇಕು. ಅರ್ಥಾತ್, ಓದುಗನ ಮನಸ್ಸಿನಲ್ಲಿ ಒಂದೇ ಆಗಿರುವ ಅಕ್ಷರವು ಪುಟದ ಪಾಲಿಗೆ ಆರು ಪ್ರತ್ಯೇಕ ಈವೆಂಟುಗಳಾಗಿ ಬರುತ್ತದೆ. ಪ್ರತಿ ಈವೆಂಟಿನಿಂದಲೂ ಅಕ್ಷರದ ಆಕೃತಿಯೇ ಬದಲಾಗಿ, ಸಾಲಿನ ಅಗಲವು ಹೆಚ್ಚುಕಡಮೆಯಾಗಿ, ವಿನ್ಯಾಸವನ್ನು ಮರಳಿ ಲೆಕ್ಕಹಾಕಬೇಕಾಗುತ್ತದೆ.

೨೦೦೩ರ ಜೂನಿನಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದಾಗ ಈ ತೊಡಕು ಪ್ರತ್ಯಕ್ಷವಾಗಿ ಎದುರಾಯಿತು. ೧೯೯೮ರಿಂದ ಶೇಷಾದ್ರಿವಾಸು ಅವರ ಬರಹ ತಂತ್ರಾಂಶವೂ, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ತಮ್ಮ ಗಣಕದಲ್ಲಿ ಇದ್ದವರಿಗೆ ಕನ್ನಡವನ್ನು ಟೈಪು ಮಾಡುವುದು ಸುಲಭವಾಗಿದ್ದಿತು; ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರಶೈಲಿಯೂ ಕನ್ನಡದ ಕೀಲಿಮಣೆಯೂ ದೊರೆತಿದ್ದುವು. ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಾಗಲಿ ಸೈಬರ್ ಕೆಫೆಯಲ್ಲಾಗಲಿ ಪರರ ಯಂತ್ರದ ಮುಂದೆ ಕುಳಿತವನಿಗೆ ಯಾವುದನ್ನೂ ಅನುಸ್ಥಾಪಿಸುವ ಅಧಿಕಾರವಿರಲಿಲ್ಲ. ಅಂಥವನಿಗೆ ದೊರೆತ ಪರಿಹಾರವೆಂದರೆ ಕೀಲಿಮಣೆಯನ್ನೇ ಪುಟದೊಳಗೆ ಸ್ಕ್ರಿಪ್ಟಾಗಿ ಇಡುವುದು. ಓದುಗನು ರೋಮನ್ ಕೀಲಿಯನ್ನು ಒತ್ತಿದೊಡನೆ ಸ್ಕ್ರಿಪ್ಟು ಆ ಈವೆಂಟನ್ನು ಹಿಡಿದು, ಬ್ರೌಸರಿನ ಸಹಜ ಕ್ರಿಯೆಯನ್ನು ತಡೆದು, ಕರ್ಸರಿನ ಹಿಂದಿರುವ ಕೆಲವು ಸಂಕೇತಗಳನ್ನು ನೋಡಿ, ನಿಯಮಗಳ ಪಟ್ಟಿಯಲ್ಲಿ ಹೊಂದುವುದನ್ನು ಆರಿಸಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆದು, ಕರ್ಸರನ್ನು ಯಥಾಸ್ಥಾನಕ್ಕೆ ತರುತ್ತಿದ್ದಿತು. ೨೦೧೧ರಲ್ಲಿ ವಿಕಿಪೀಡಿಯಕ್ಕೆ ಬಂದ ನಾರಾಯಂ ಎಂಬ ವಿಸ್ತರಣೆಯೂ, ೨೦೧೩ರಲ್ಲಿ ಅದರ ಸ್ಥಾನವನ್ನು ಪಡೆದ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರೂ ಈ ತತ್ತ್ವದ ಮೇಲೆಯೇ ನಡೆದುವು. ಇಷ್ಟು ಕಾರ್ಯವೂ ಎರಡು ಕೀಲಿಗಳ ನಡುವಣ ಅಲ್ಪಕಾಲದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಅಕ್ಷರವು ಬೆರಳಿಗಿಂತ ಹಿಂದೆ ಬಿದ್ದು, ಬರೆಯುವವನ ಯೋಚನೆಯ ಧಾರೆಯೇ ಕಡಿದುಹೋಗುತ್ತದೆ. ವಿಶ್ವಕೋಶದ ಮುಕ್ತ ಸಂಪುಟಗಳಿಂದ ಕನ್ನಡ ವಿಕಿಪೀಡಿಯಕ್ಕೆ ಲೇಖನಗಳು ಸೇರುವುದಕ್ಕೂ, ಸೇರಿದುದನ್ನು ತಿದ್ದಿ ಬೆಳೆಸುವುದಕ್ಕೂ ಇಂಥ ಸ್ಕ್ರಿಪ್ಟುಗಳು ದಾರಿಮಾಡಿಕೊಟ್ಟುವೆಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು.

ಫೋನುಗಳ ಯುಗದಲ್ಲಿ ಸಮಸ್ಯೆಯು ಬೇರೊಂದು ರೂಪವನ್ನು ತಾಳಿತು. ಈಗ ಕೀಲಿಮಣೆಯು ಫೋನಿನದೇ ಆಗಿ, ಅಕ್ಷರವನ್ನು ರಚಿಸುವ ಕಾರ್ಯವೂ ಅದರದೇ ಆಗಿದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ, ಒತ್ತಿದ ಕೀಲಿ ಯಾವುದೆಂದು ಸ್ಕ್ರಿಪ್ಟು ವಿಚಾರಿಸಿದರೆ, ಯಾವ ಅಕ್ಷರಕ್ಕೂ ೨೨೯ ಎಂಬ ಒಂದೇ ಸಂಖ್ಯೆಯು ಉತ್ತರವಾಗಿ ಬರುತ್ತದೆ. ರಚನೆಯು ಇನ್ನೂ ನಡೆಯುತ್ತಿದೆಯೆಂಬುದು ಅದರ ಅರ್ಥ. ರಚನೆಯ ಆರಂಭವನ್ನೂ ಅಂತ್ಯವನ್ನೂ ತಿಳಿಸುವ ಕಾಂಪೊಸಿಷನ್ ಈವೆಂಟುಗಳು ಬ್ರೌಸರುಗಳಲ್ಲಿ ಉಂಟು. ಅವುಗಳನ್ನು ಲಕ್ಷಿಸದೆ ಇಂಗ್ಲಿಷಿಗಾಗಿ ಬರೆದ ಹುಡುಕಾಟದ ಪೆಟ್ಟಿಗೆಯು, ಸ್ತ್ರೀ ಎಂದು ಬರೆಯಹೊರಟವನಿಗೆ ಸ ಎಂಬಲ್ಲಿ ಒಂದು, ಸ್ ಎಂಬಲ್ಲಿ ಒಂದು, ಸ್ತ ಎಂಬಲ್ಲಿ ಮತ್ತೊಂದು ವಿಚಾರಣೆಯನ್ನು ಸರ್ವರಿಗೆ ಅಟ್ಟಿ, ಯಾರೂ ಕೇಳದ ಉತ್ತರಗಳನ್ನು ಹೊತ್ತು ತರುತ್ತದೆ. ಹೀಗೆ ವ್ಯರ್ಥವಾಗುವುದು ಓದುಗನು ಹಣ ತೆತ್ತು ಪಡೆದ ಡೇಟಾ. ಬರಿದಾಗುವುದು ಅವನ ಫೋನಿನ ಬ್ಯಾಟರಿ. ರಚನೆಯು ಮುಗಿಯುವವರೆಗೆ ಕಾದು, ಅನಂತರ ಸ್ವಲ್ಪ ವಿರಾಮ ಕೊಟ್ಟು, ಒಂದೇ ವಿಚಾರಣೆಯನ್ನು ಕಳುಹಿಸುವ ಪುಟವು ಕನ್ನಡದ ಸ್ವಭಾವವನ್ನು ಅರಿತ ಪುಟ.

ಈ ವಿದ್ಯೆಯನ್ನು ಕಲಿಸುವ ಸೌಕರ್ಯಗಳಿಗೆ ಮೈಸೂರಿನಲ್ಲಿ ಕೊರತೆಯಿಲ್ಲ. ೧೯೪೬ರ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್, ೧೯೬೩ರ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು, ಹೆಬ್ಬಾಳು ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಆವರಣ ಇವು ಪ್ರಸಿದ್ಧವಾದುವು. ಆ ಆವರಣದ ಎರಡನೆಯ ಶಿಕ್ಷಣ ಕೇಂದ್ರವು ೨೦೦೯ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಭಾರತದ ನಾನಾ ಪ್ರಾಂತಗಳಿಂದ ಬಂದ ಸಾವಿರಾರು ಪದವೀಧರರು ತಂತ್ರಾಂಶದ ಕಸುಬಿನ ಓನಾಮವನ್ನು ಅಲ್ಲಿ ಅಭ್ಯಾಸಮಾಡಿ ಹೊರಡುತ್ತಾರೆ. ಇತ್ತ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಭಾಷೆಯನ್ನು ಬಲ್ಲವರಿದ್ದಾರೆ, ನಿಘಂಟುಗಳಿವೆ, ಕೋಶಗಳಿವೆ. ಒಂದೇ ನಗರದೊಳಗೆ ಕೆಲವು ಮೈಲಿಗಳ ಅಂತರದಲ್ಲಿರುವ ಈ ಎರಡು ವಿದ್ಯೆಗಳು ಪರಸ್ಪರ ಕೈಹಿಡಿದರೆ, ಕನ್ನಡದ ಜಾಲಪುಟಗಳಿಗೆ ಬೇರೆ ಯಾವ ಊರಿನಿಂದಲೂ ಸಿಗದ ಲಾಭವು ಸಿದ್ಧಿಸೀತು. ಸ್ಕ್ರಿಪ್ಟನ್ನು ಬರೆಯುವ ವಿದ್ಯಾರ್ಥಿಯು ತನ್ನ ಹ್ಯಾಂಡ್ಲರುಗಳನ್ನು ಇಂಗ್ಲಿಷಿನ ಮಾದರಿಯಿಂದ ಪರೀಕ್ಷಿಸಿ ತೃಪ್ತನಾಗದೆ, ಒತ್ತಕ್ಷರಗಳಿಂದ ತುಂಬಿದ ಕನ್ನಡದ ಬರವಣಿಗೆಯಿಂದ, ಅಗ್ಗದ ಬೆಲೆಯ ಫೋನಿನಲ್ಲಿ, ಹೆಗ್ಗಡದೇವನಕೋಟೆಯ ಹಳ್ಳಿಯಲ್ಲಿ ಸಿಗುವ ದುರ್ಬಲವಾದ ಸಂಪರ್ಕದ ಮೇಲೆ ಪರೀಕ್ಷಿಸುವುದನ್ನು ಅಭ್ಯಾಸಮಾಡಿಕೊಳ್ಳಬೇಕು.

ಮೂವತ್ತು ವರ್ಷಗಳ ಈ ಚರಿತ್ರೆಯಿಂದ ನಿಶ್ಚಯವಾಗಿ ತಿಳಿದುಬರುವ ತಥ್ಯವೊಂದೇ: ಎಂಜಿನ್ನಿನ ಶಕ್ತಿಯು ಎಷ್ಟು ಬೆಳೆದರೂ, ಓದುಗನಿಗೆ ವೇಗದ ಅನುಭವವನ್ನು ತಂದುಕೊಟ್ಟುದು ಬಹುಮಟ್ಟಿಗೆ ಬರೆದವನ ಸಂಯಮ, ಒಂದರಿಂದ ಆಗುವುದಕ್ಕೆ ಸಾವಿರವನ್ನು ಇಡದಿರುವುದು, ಕೇಳದ ಹೊತ್ತಿನಲ್ಲಿ ಉತ್ತರಿಸದಿರುವುದು, ಪ್ರಯೋಜನ ತೀರಿದುದನ್ನು ತೆಗೆದುಹಾಕುವುದು. ಆದುದರಿಂದ ಮೈಸೂರಿನ ವಿದ್ಯಾಸಂಸ್ಥೆಗಳು ತಮ್ಮ ನಿಘಂಟುಗಳನ್ನೂ ಕೋಶಗಳನ್ನೂ ಜಾಲಕ್ಕೆ ಏರಿಸುವಾಗ ಗುತ್ತಿಗೆಯ ಕರಾರಿನಲ್ಲಿ ಎರಡು ವಾಕ್ಯಗಳನ್ನು ಸೇರಿಸಲಿ: ಸಾಧಾರಣ ಫೋನಿನಲ್ಲಿ ಪ್ರತಿ ಒತ್ತಿಗೂ ೨೦೦ ಮಿಲಿಸೆಕೆಂಡಿನೊಳಗೆ ಉತ್ತರ ಕಾಣತಕ್ಕದ್ದು, ಕನ್ನಡದ ಅಕ್ಷರವು ಪೂರ್ಣವಾಗುವವರೆಗೆ ಹುಡುಕಾಟವು ಕಾಯತಕ್ಕದ್ದು. ಗ್ರಂಥದ ಅಚ್ಚಿಗೆ ಕರಡು ತಿದ್ದುವುದು ಎಷ್ಟು ಅಗತ್ಯವೆಂದು ನಮ್ಮ ಹಿರಿಯರು ಎಣಿಸಿದ್ದರೋ, ಜಾಲಪುಟಕ್ಕೆ ಈ ಪರೀಕ್ಷೆಯೂ ಅಷ್ಟೇ ಅಗತ್ಯವೆಂದು ನಾವು ಎಣಿಸಿದಾಗ, ಕನ್ನಡದಲ್ಲಿ ಹುಡುಕುವವನು ತನ್ನ ನುಡಿಯನ್ನು ಬಿಟ್ಟು ಇಂಗ್ಲಿಷಿನ ಪೆಟ್ಟಿಗೆಗೆ ಹೋಗುವುದಕ್ಕೆ ಕಾರಣವೇ ಉಳಿಯುವುದಿಲ್ಲ.